ಮಗಳಿಂದ ಮೂರಿಂಚು ಕದ್ದದ್ದು

ಹೆಣ್ಣು ಹೆತ್ತವರು ಮದುವೆಯ ಬಯೋಡೇಟಾದಲ್ಲಿ ಬರೆಯುವುದನ್ನೆಲ್ಲ ಸುಳ್ಳು ಎಂದು ಕರೆಯುತ್ತ ಹೋದರೆ ನಮ್ಮ ಕಡೂರು ಸೀಮೆಯಲ್ಲಿ ಸತ್ಯವಂತರ ಮನೆ ಒಂದೂ ಉಳಿಯಲಿಕ್ಕಿಲ್ಲ. ಕಪ್ಪಗಿದ್ದವಳು ಎಣ್ಣೆಗೆಂಪು, ಎಣ್ಣೆಗೆಂಪಿನವಳು ಗೋಧಿ ಬಣ್ಣ, ಗೋಧಿ ಬಣ್ಣದವಳು ಹಾಲು ಬಿಳುಪು. ಸಂಗೀತದ ಮೇಡಂ ಮನೆ ಮುಂದೆ ನಾಲ್ಕು ಸಲ ಹಾದುಹೋದವಳಿಗೆ ಸಂಗೀತ ಬರುತ್ತದೆ. ನನ್ನನ್ನು ನೋಡಲು ಬಂದವರ ಮುಂದೆ ನಮ್ಮಮ್ಮ "ಉಪ್ಪಿಟ್ಟು ಇವಳೇ ಮಾಡಿದ್ದು" ಎಂದು ತಟ್ಟೆ ಇಟ್ಟಿದ್ದಳು. ಮಾಡಿದ್ದು ನಮ್ಮ ಚಿಕ್ಕಮ್ಮ. ಆ ಉಪ್ಪಿಟ್ಟು ಮೆಚ್ಚಿ ನನ್ನನ್ನು ಕಟ್ಟಿಕೊಂಡವರು ಇಪ್ಪತ್ತೈದು ವರ್ಷದಿಂದ ಅಂಥದ್ದೇ ಇನ್ನೊಂದು ತಟ್ಟೆಗಾಗಿ ಕಾಯುತ್ತಿದ್ದಾರೆ, ಪಾಪ. ಇಂಥ ಪರಂಪರೆಯಲ್ಲಿ ಬೆಳೆದ ನಾನು ಮಗಳ ಎತ್ತರದಲ್ಲಿ ಮೂರೇ ಮೂರು ಇಂಚು ಕಡಿಮೆ ಬರೆದೆ. ಬಯೋಡೇಟಾದಲ್ಲಿ ಮಾತ್ರ ಬರೆದು ಸುಮ್ಮನಾಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಮಗಳು ಸಹನಾ ಐದಡಿ ಹನ್ನೊಂದು ಇಂಚು. ನಾನು ಐದಡಿ ಮೂರು, ಕಡೂರಿನಲ್ಲಿ ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ನಮ್ಮ ಯಜಮಾನರು ಐದಡಿ ಆರು. ಇದೆಲ್ಲಿಂದ ಬಂತು ಈ ಎತ್ತರ ಎಂದು ನೆಂಟರು ಕೇಳಿದಾಗ ಇವರು ಸಿಂಗಟಗೆರೆಯ ಯಾವುದೋ ಮುತ್ತಜ್ಜನ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಾರೆ. ಎಂಟನೇ ಕ್ಲಾಸಿನಲ್ಲಿ ಶಾಲೆಯ ಪಿ.ಟಿ. ಮೇಷ್ಟ್ರು "ಈ ಹುಡುಗೀನ ನಂಗೆ ಕೊಡಿ" ಎಂದು ಕೇಳಿ, ಸಿಮೆಂಟಿನ ಅಂಗಳದಲ್ಲಿ ಕೈಗೆ ಚೆಂಡು ಕೊಟ್ಟರು. ಅವತ್ತಿನಿಂದ ಅವಳ ಮೊಣಕಾಲಿನಲ್ಲಿ ಗಾಯ ಮಾದಿಲ್ಲ, ನನ್ನ ಎದೆಯಲ್ಲಿ ಡವಡವ ನಿಂತಿಲ್ಲ. ಕ್ರೀಡಾ ಹಾಸ್ಟೆಲ್, ಯೂನಿವರ್ಸಿಟಿ ತಂಡ, ರಾಜ್ಯದ ತಂಡ ಎಲ್ಲ ಮುಗಿಸಿ ಇಪ್ಪತ್ತೆರಡಕ್ಕೆ ಬಂದು ನಿಂತಾಗ ಅವಳೆದುರು ಎರಡು ದಾರಿಗಳಿದ್ದವು. ಒಂದು, ಹೆಂಗಸರ ಬಾಸ್ಕೆಟ್‌ಬಾಲ್ ಲೀಗಿನವರು ವರ್ಷಕ್ಕೊಮ್ಮೆ ನಡೆಸುವ ಡ್ರಾಫ್ಟು. ಇನ್ನೊಂದು, ಅಜ್ಜಂಪುರದಲ್ಲಿರುವ ಯಜಮಾನರ ಅಕ್ಕ ಗಿರಿಜಕ್ಕ ಹುಡುಕಿದ್ದ ಹುಡುಗ.

"ಈ ಸಲ ಡ್ರಾಫ್ಟಲ್ಲಿ ಯಾರೂ ತಗೊಳ್ಳಿಲ್ಲ ಅಂದ್ರೆ ಆಟ ಬಿಡ್ತೀನಿ. ಆಮೇಲೆ ನೀವು ಯಾರ ಮುಂದೆ ಕೂರಿಸ್ತೀರೋ ಕೂರ್ತೀನಿ" ಎಂದು ಮಗಳು ತಾನಾಗಿಯೇ ಒಪ್ಪಂದ ಮಾಡಿಕೊಂಡಿದ್ದಳು.

ಡ್ರಾಫ್ಟ್ ಎಂದರೇನೆಂದು ನನಗೂ ತಿಳಿದಿರಲಿಲ್ಲ. ಹೊಸದಾಗಿ ಬರುವವರ ಹೆಸರನ್ನೆಲ್ಲ ಒಂದು ಪಟ್ಟಿ ಮಾಡುತ್ತಾರೆ, ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ, ಮೂರು ಸುತ್ತು ಮುಗಿದ ಮೇಲೆ ಉಳಿದವರು ಮನೆಗೆ. ಕಳೆದ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಇದನ್ನು ಕೇಳಿದ ಯಜಮಾನರಿಗೆ ಬಹಳ ಖುಷಿಯಾಯಿತು. "ಇದು ನಮ್ಮ ಕಡೆ ಪಾಲಾಗೋ ಕ್ರಮಾನೇ ಕಣೇ. ಹಿರಿಯ ಪಾಲು ಹಾಕ್ಬೇಕು, ಕಿರಿಯ ಆರಿಸ್ಬೇಕು. ನಮ್ಮಪ್ಪ ಚಿಕ್ಕಪ್ಪ ಪಾಲಾದಾಗ ಚಿಕ್ಕಪ್ಪ ನೆಟ್ಟಗೆ ಹೋಗಿ ಕರಿ ಎಮ್ಮೆ ಹಿಡ್ಕೊಂಡ್ಬಿಟ್ಟ" ಎಂದರು. ಮಗಳನ್ನು ಎಮ್ಮೆಗೆ ಹೋಲಿಸಿದ್ದಕ್ಕೆ ಅವತ್ತು ಅವರಿಗೆ ಎರಡನೇ ಲೋಟ ಕಾಫಿ ಸಿಗಲಿಲ್ಲ. ಆದರೆ ಆ ಪಾಲಿನಲ್ಲಿ ಯಾರೂ ಆರಿಸದೆ ಉಳಿದ ಕುಂಟು ಕರುವಿನ ಕಥೆಯನ್ನೂ ಅವರೇ ಹಿಂದೊಮ್ಮೆ ಹೇಳಿದ್ದರು. ಅದು ನೆನಪಾಗಿ ನನಗೂ ಕಾಫಿ ಸೇರಲಿಲ್ಲ.

ಇನ್ನು ಹುಡುಗನ ವಿಷಯ. ಹುಡುಗ ಒಳ್ಳೆಯವನು, ಅಜ್ಜಂಪುರದಲ್ಲೇ ಬ್ಯಾಂಕಿನಲ್ಲಿದ್ದಾನೆ, ಐದಡಿ ಒಂಬತ್ತು. ಬಯೋಡೇಟಾ ಬರೆಸಿದ್ದು ಗಿರಿಜಕ್ಕನೇ, ಫೋನಿನಲ್ಲಿ. "ಐದು ಎಂಟು ಅಂತ ಬರ್ಕಳೇ ಸುಜಾತಾ. ಗಂಡಿಗೆ ಒಂದಿಂಚಾದ್ರೂ ಬಿಟ್ಕೊಡ್ಬೇಕು."

"ಅಲ್ಲ ಅಕ್ಕ, ನೋಡೋಕೆ ಬಂದಾಗ ಗೊತ್ತಾಗಲ್ವಾ?"

"ಕುಂತಿರ್ತಾಳಲ್ಲೇ! ಕುಂತ್ಕಂಡೋರ್ನ ಯಾರು ಅಳೀತಾರೆ? ಫೋಟೋನೂ ಕುಂತಿರೋದೇ ಕಳ್ಸು. ನಿಂತಿರೋದು ಕಳ್ಸಿಗಿಳ್ಸೀಯ ಮತ್ತೆ."

ಇದಾಗಿ ಮೂರನೇ ದಿನ ಸಹನಾಳ ಫೋನು ಬಂತು. ಅವಳು ಯಾವುದೋ ಟೂರ್ನಮೆಂಟಿನಲ್ಲಿದ್ದಳು. "ಅಮ್ಮ, ಡ್ರಾಫ್ಟ್ ಫಾರಮ್ಮಿಗೆ ಇವತ್ತೇ ಕೊನೆ ದಿನ. ಇಲ್ಲಿ ನೆಟ್‌ವರ್ಕು ಬರ್ತಾನೇ ಇಲ್ಲ. ನೀನೇ ತುಂಬ್ಬಿಡು, ನಿಂಗೆ ಗೊತ್ತಲ್ಲ ಎಲ್ಲ." ಗೊತ್ತಿಲ್ಲದೆ ಏನು? ನಾನು ತರೀಕೆರೆಯ ಒಂದು ಕಾಲೇಜಿನಲ್ಲಿ ಗುಮಾಸ್ತೆ. ಮಕ್ಕಳ ಅರ್ಜಿಗಳನ್ನು ತಿದ್ದಿ ತಿದ್ದಿ ಕನ್ನಡಕದ ನಂಬರು ಏರಿಸಿಕೊಂಡವಳು. ತಂದೆಯ ಹೆಸರಿನ ಜಾಗದಲ್ಲಿ ಊರಿನ ಹೆಸರು ಬರೆದು ತರುವ ಮಕ್ಕಳಿಗೆ "ಒಂದು ಅರ್ಜಿ ನೆಟ್ಟಗೆ ತುಂಬೋಕೆ ಬರಲ್ವೇನ್ರೋ? ಒಂದ್ಸಲ ಹೋದ್ರೆ ಮತ್ತೆ ತಿದ್ದೋಕಾಗಲ್ಲ" ಎಂದು ದಿನಕ್ಕೆ ಹತ್ತು ಸಲ ಗದರುವವಳು. ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆ. ಹುಟ್ಟಿದ ದಿನಾಂಕ, ವಿದ್ಯಾಭ್ಯಾಸ ಎಲ್ಲಕ್ಕೂ ಮೊಬೈಲಿನಲ್ಲಿದ್ದ ಬಯೋಡೇಟಾ ತೆರೆದಿಟ್ಟುಕೊಂಡು ನೋಡಿ ನೋಡಿ ತುಂಬಿದೆ. ಎತ್ತರವನ್ನು ಸೆಂಟಿಮೀಟರಿನಲ್ಲಿ ಕೇಳಿದ್ದರು. ಐದಡಿ ಎಂಟು ಇಂಚನ್ನು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಗುಣಿಸಿ, ನೂರ ಎಪ್ಪತ್ತಮೂರು ಎಂದು ಹಾಕಿದೆ. ಲೆಕ್ಕ ಎಷ್ಟು ಸರಿಯಾಗಿ ಬಂತೆಂದರೆ ನನಗೇ ಹೆಮ್ಮೆಯಾಯಿತು.

ಹತ್ತು ದಿನದ ಮೇಲೆ ಪಟ್ಟಿ ಬಂದಾಗ ನಾನು ಬೀರೂರು ಸ್ಟೇಷನ್ನಿನಲ್ಲಿ ತರೀಕೆರೆಯ ರೈಲಿಗೆ ಕಾಯುತ್ತಿದ್ದೆ. ಮೊಬೈಲಿನಲ್ಲಿ ಮಗಳ ಹೆಸರು ಕಂಡು ಮೊದಲು ಕಣ್ಣಿಗೆ ಒತ್ತಿಕೊಂಡೆ, ಆಮೇಲೆ ಓದಿದೆ. ಸಹನಾ, ಕಡೂರು, ಸೆಂಟರ್, 173. ಸೆಂಟರ್ ಎಂದರೆ ಬುಟ್ಟಿಯ ಬುಡದಲ್ಲೇ ನಿಂತು ಆಡುವವಳು, ತಂಡದಲ್ಲಿ ಎಲ್ಲರಿಗಿಂತ ಎತ್ತರದವಳು ಇರಬೇಕಾದ ಜಾಗ. ಪಟ್ಟಿಯಲ್ಲಿದ್ದ ಉಳಿದ ಸೆಂಟರುಗಳೆಲ್ಲ ನೂರ ಎಂಬತ್ತಮೂರು, ನೂರ ಎಂಬತ್ತೈದು. ಅವರ ಸಾಲಿನಲ್ಲಿ ನನ್ನ ಮಗಳು ಮದುವೆ ಊಟದ ಪಂಕ್ತಿಯಲ್ಲಿ ದೊಡ್ಡವರ ನಡುವೆ ಕೂರಿಸಿದ ಕೂಸಿನಂತೆ ಕಾಣುತ್ತಿದ್ದಳು. ರೈಲು ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಸಲ್ಲಿಸಿದ ಮಾಹಿತಿಯನ್ನು ತಿದ್ದಲು ಅವಕಾಶವಿಲ್ಲ ಎಂದು ಬರೆದಿತ್ತು.

ಅಲ್ಲಿಂದ ಮುಂದಿನ ಮೂರು ವಾರ ನಾನು ಹೇಗೆ ಕಳೆದೆನೆಂದು ಹೇಳಿದರೆ ನಗುತ್ತೀರಿ. ಲೀಗಿನವರಿಗೆ ಮೇಲ್ ಕಳಿಸಿದೆ, 'ನಿಮ್ಮ ಪತ್ರ ತಲುಪಿದೆ' ಎಂದು ಯಂತ್ರ ಉತ್ತರಿಸಿತು. ಸಹಾಯವಾಣಿಗೆ ಫೋನು ಮಾಡಿದೆ, ಒಂದು ಒತ್ತಿ, ಎರಡು ಒತ್ತಿ ಎನ್ನುತ್ತ ಕೊನೆಗೆ ಸಂಗೀತ ಕೇಳಿಸಿತು. ರೈಲಿನಲ್ಲಿ, ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ, ಹೆಂಗಸರನ್ನು ಕಂಡರೆ ಸಾಕು, ಇವಳು ನೂರ ಅರವತ್ತು, ಅವಳು ನೂರ ಐವತ್ತೆರಡು ಎಂದು ಕಣ್ಣಿನಲ್ಲೇ ಅಳೆಯತೊಡಗಿದೆ. ಸಾರಿಗೆ ಎರಡು ಸಲ ಉಪ್ಪು ಬಿತ್ತು. "ಬಿ.ಪಿ. ಚೆಕ್ ಮಾಡಿಸ್ಕಳೇ" ಎಂದರು ಯಜಮಾನರು. ಅವರಿಗೆ ಹೇಳೋಣವೆಂದರೆ ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಮೋಟರಿನ ಜೊತೆಗೆ ಈ ಸುದ್ದಿಯನ್ನೂ ಸುತ್ತಿ ಕೊಟ್ಟುಬಿಡುತ್ತಾರೆ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅದನ್ನು ಇವತ್ತು ನಿಮ್ಮೆದುರೇ ಮೊದಲು ಹೇಳುತ್ತಿದ್ದೇನೆ. ಸಾವಿರ ಅರ್ಜಿ ತಿದ್ದಿದ ಕೈ ಮಗಳ ಅರ್ಜಿಯಲ್ಲೇ ಯಾಕೆ ತಪ್ಪಬೇಕು? ಅವಳು ಆಯ್ಕೆಯಾಗದಿದ್ದರೆ ಅಜ್ಜಂಪುರ. ಕಡೂರಿನಿಂದ ಬಸ್ಸು ಹತ್ತಿದರೆ ಹೋಗಿ ನೋಡಿಕೊಂಡು ಬರುವಷ್ಟು ದೂರ. ಆಯ್ಕೆಯಾದರೆ ಯಾವ ಊರೋ, ಯಾವ ಊಟವೋ, ಬಿದ್ದರೆ ಎತ್ತುವವರು ಯಾರೋ. ಹೀಗೆಲ್ಲ ನಾನು ಯೋಚಿಸಿದ್ದುಂಟು. ಕೈ ತಪ್ಪಿತೋ, ಮನಸ್ಸೇ ಕೈಯನ್ನು ತಪ್ಪಿಸಿತೋ? ದೇವರ ದೀಪ ಹಚ್ಚುವಾಗ ಈ ಪ್ರಶ್ನೆ ಬಂದು ನಿಲ್ಲುತ್ತಿತ್ತು. ಅಂತರಘಟ್ಟಮ್ಮನಿಗೆ ಹರಕೆ ಹೊತ್ತೆ. ಹೊರುವಾಗಲೂ ತಪ್ಪು ಮಾಡಿದವಳು ನಾನೇ ಎಂದು ದೇವಿಗೆ ಹೇಳದೆ, "ಏನೋ ಎಡವಟ್ಟಾಗಿದೆ ತಾಯಿ" ಎಂದಷ್ಟೇ ಹೇಳಿದೆ.

ನಡುವೆ ಸಹನಾ ಟ್ರಯಲ್ಸಿಗೆಂದು ಬೆಂಗಳೂರಿಗೆ ಹೊರಟಳು. ತಂಡಗಳ ಕೋಚುಗಳೆಲ್ಲ ಬಂದು ಇವರನ್ನು ಆಡಿಸಿ ನೋಡುತ್ತಾರಂತೆ. ಬಸ್ಸು ಹತ್ತಿಸುವಾಗ ಹೇಳಿಬಿಡೋಣವೆಂದು ಗಟ್ಟಿ ಮನಸ್ಸು ಮಾಡಿದೆ. "ಸಹನಾ..." ಎಂದೆ. "ಏನಮ್ಮ?" ಎಂದು ಕಿಟಕಿಯಿಂದ ತಲೆ ಬಗ್ಗಿಸಿದಳು. "ಬ್ಯಾಗಲ್ಲಿ ಕೋಡುಬಳೆ ಇಟ್ಟಿದೀನಿ" ಎಂದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, "ಅಷ್ಟೇನಾ?" ಎಂದಳು. "ಚಕ್ಲೀನೂ ಇದೆ" ಎಂದೆ. ಎರಡು ದಿನ ಬಿಟ್ಟು ವಾಪಸ್ಸು ಬಂದವಳು ಬ್ಯಾಗನ್ನು ಮೂಲೆಗಿಟ್ಟು ಸ್ನಾನಕ್ಕೆ ಹೋದಳು. ಕೋಡುಬಳೆ ಹಾಗೇ ಇತ್ತು. ಅದನ್ನು ಕಂಡು ನನ್ನ ಜೀವ ಇನ್ನಷ್ಟು ಹಾರಿತು.

ಡ್ರಾಫ್ಟು ನಡೆದದ್ದು ಒಂದು ಭಾನುವಾರ ಮಧ್ಯಾಹ್ನ. ಮೊಬೈಲನ್ನು ಟೀವಿಗೆ ಜೋಡಿಸಿ ಎಲ್ಲರೂ ನಡುಮನೆಯಲ್ಲಿ ಕುಳಿತೆವು. ಗಿರಿಜಕ್ಕ ಬೆಳಗಿನ ಬಸ್ಸಿಗೇ ಅಜ್ಜಂಪುರದಿಂದ ಬಂದಿದ್ದರು. ಸಹನಾ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಒಂದೊಂದು ತಂಡದವರು ಬಂದು ಒಂದೊಂದು ಹೆಸರು ಓದಿ ಹೋಗುತ್ತಿದ್ದರು. ಮೊದಲ ಸುತ್ತು ಮುಗಿಯಿತು. "ಮೊದಲ್ನೇದ್ರಲ್ಲಿ ದೊಡ್ಡೋರ ಮಕ್ಳೇ ಬರೋದು" ಎಂದು ಗಿರಿಜಕ್ಕ ಸಮಾಧಾನ ಹೇಳಿದರು. ಎರಡನೇ ಸುತ್ತೂ ಮುಗಿಯಿತು. ಯಜಮಾನರು ಎದ್ದು ಹೋಗಿ, ನೆಟ್ಟಗೆ ತಿರುಗುತ್ತಿದ್ದ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿಕೊಂಡು ಕುಳಿತರು. ಮಗಳು ತನ್ನ ಕಾಲ್ಬೆರಳುಗಳನ್ನು ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು. ಚಿಕ್ಕವಳಿದ್ದಾಗ ರಿಸಲ್ಟಿನ ದಿನ ಹೀಗೇ ಮಾಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಸಹನಾ, ತಪ್ಪಾಗಿದೆ ಕಣೇ. ಫಾರಮ್ಮಲ್ಲಿ ನಿನ್ನ ಎತ್ತರ ಮೂರಿಂಚು ಕಮ್ಮಿ ಬರ್ದಿದೀನಿ. ಬಯೋಡೇಟಾ ನೋಡ್ಕೊಂಡು ಬರ್ದುಬಿಟ್ಟೆ" ಎಂದೆ. ಹೇಳುವಾಗಲೇ ಅಳು ಬಂತು.

ಮಗಳು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಮ್ಮ. ಪಟ್ಟಿ ಬಂದ ದಿನಾನೇ ನೋಡ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬೇಕಂತ್ಲೇ ಬರ್ದಿದೀಯ ಅಂದ್ಕೊಂಡಿದ್ದೆ. ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ನಾನು ಒಬ್ಬಳೇ ನವೆದೆ ಎಂದುಕೊಂಡಿದ್ದ ಮೂರು ವಾರ ಅವಳೂ ನವೆದಿದ್ದಳು. ಅದೂ ನನ್ನ ಮೇಲಿನ ಅನುಮಾನದಲ್ಲಿ. ಆ ಕ್ಷಣಕ್ಕೆ ನೆಲ ಬಾಯಿಬಿಟ್ಟಿದ್ದರೆ ಸಂತೋಷವಾಗಿ ಇಳಿದುಹೋಗುತ್ತಿದ್ದೆ. ಅವಳೇ ಕನಿಕರಪಟ್ಟು ಮುಂದುವರಿಸಿದಳು. "ಫಾರಮ್ಮನ್ನ ಅಲ್ಲಿ ಯಾರೂ ನಂಬಲ್ಲಮ್ಮ. ಎಲ್ರೂ ಎರಡಿಂಚು ಜಾಸ್ತೀನೇ ಬರ್ಕೊಂಡು ಬರ್ತಾರೆ. ಅದಕ್ಕೇ ಟ್ರಯಲ್ಸಲ್ಲಿ ಒಬ್ಬೊಬ್ರನ್ನೂ ಗೋಡೆಗೆ ನಿಲ್ಸಿ ಅಳೀತಾರೆ. ಅಳೆದ್ರೆ ಎಲ್ರೂ ಕಮ್ಮಿ ಆದ್ರು, ನಾನೊಬ್ಳೇ ಜಾಸ್ತಿ ಆದೆ. ಕೋಚು ನಂಬದೆ ಎರಡು ಸಲ ಅಳೆದ್ರು. ಕಮ್ಮಿ ಬರ್ಕೊಂಡು ಬಂದೋಳು ನೀನೇ ಮೊದಲು ಕಣಮ್ಮ ಅಂತ ಹೊಟ್ಟೆ ಹಿಡ್ಕೊಂಡು ನಕ್ರು."

ಅಳುವುದೋ ನಗುವುದೋ ತಿಳಿಯದೆ ನಾನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿರುವಾಗಲೇ ಟೀವಿಯಲ್ಲಿ ಕಡೂರಿನ ಹೆಸರು ಕೇಳಿತು. ಮೂರನೇ ಸುತ್ತು, ಆರನೇ ತಂಡ. ಸಹನಾಳ ಫೋಟೋ, ನಿಂತಿರುವ ಫೋಟೋ, ಪರದೆಯ ತುಂಬ. ಪಕ್ಕದಲ್ಲಿ ದಪ್ಪ ಅಂಕಿಯಲ್ಲಿ 180. ಮಗಳು ಎದ್ದು ನಿಂತವಳೇ ನನ್ನನ್ನು ತಬ್ಬಿಕೊಂಡಳು. ನನ್ನ ಮುಖ ಅವಳ ಭುಜದ ಮಟ್ಟಕ್ಕಷ್ಟೇ ಬಂತು. ಇಂಥ ಎತ್ತರವನ್ನು ಕತ್ತರಿಸಲು ನನಗೆ ಹೇಗೆ ಮನಸ್ಸು ಬಂತು ಎಂದು ನಾಚಿಕೆಯಾಯಿತು, ಹೊಟ್ಟೆ ತುಂಬ ಹೆಮ್ಮೆಯೂ ಆಯಿತು.

"ನೂರೆಂಬತ್ತು ಅಂದ್ರೆ ಎಷ್ಟಡಿನೋ?" ಎಂದು ಗಿರಿಜಕ್ಕ ತಮ್ಮನನ್ನು ಕೇಳಿದರು.

"ಐದಡಿ ಹನ್ನೊಂದು" ಎಂದರು ಯಜಮಾನರು, ಕಣ್ಣೊರೆಸಿಕೊಳ್ಳುತ್ತ.

"ಅಯ್ಯೋ ನನ್ ಶಿವನೇ! ಹುಡುಗಿ ಟೀವಿಲಿ ಬತ್ತಾಳೆ ನೋಡ್ರಿ ಅಂತ ಹುಡುಗನ ಮನೆಯೋರಿಗೂ ಲಿಂಕ್ ಕಳ್ಸಿದೀನಲ್ಲೋ!"

ಮರುದಿನ ಅಜ್ಜಂಪುರದಿಂದ ಹುಡುಗನಿಗೆ ಇನ್ನೆರಡು ವರ್ಷ ಮದುವೆಯ ಯೋಚನೆಯೇ ಇಲ್ಲವೆಂಬ ಸುದ್ದಿ ಬಂತು. ಅದರ ಹಿಂದೆಯೇ ತಂಡದವರ ಕರಾರು ಪತ್ರವೂ ಬಂತು. ಸಹನಾ ಅದನ್ನು ತಾನೇ ಕುಳಿತು ತುಂಬಿದಳು. ಕೊನೆಯ ಹಾಳೆಯಲ್ಲಿ, ಮೇಲೆ ಬರೆದದ್ದೆಲ್ಲ ನಿಜವೆಂದು ತಿಳಿದ ಮನೆಯವರೊಬ್ಬರು ಸಾಕ್ಷಿ ಹಾಕಬೇಕೆಂದಿತ್ತು. ನಾನು ಕನ್ನಡಕ ಒರೆಸಿ ಹಾಕಿಕೊಂಡು, ಪೆನ್ನು ಹಿಡಿದು ಪಕ್ಕಕ್ಕೆ ಬಂದು ಕುಳಿತೆ. ಮಗಳು ಆ ಹಾಳೆಯನ್ನು ಮೆಲ್ಲಗೆ ಅವರಪ್ಪನ ಕಡೆಗೆ ಸರಿಸಿ, "ಅಮ್ಮ, ಆ ಪೆನ್ನು ಅಪ್ಪಂಗೆ ಕೊಡು" ಎಂದಳು. ಕೊಟ್ಟೆ.