ಹುಳಕ್ಕಿರುವ ನಿದ್ದೆ ನನಗಿಲ್ಲ

ನಿದ್ದೆ ಮಾಡಬೇಕೆಂದು ಹಟ ಹಿಡಿದವನಿಗೆ ನಮ್ಮೂರಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾನು ವಿರೂಪಾಕ್ಷಿಪುರದ ಕಡೆಯವನು, ರೇಷ್ಮೆ ಹುಳ ಸಾಕುತ್ತೇನೆ. ಹುಳ ಹೊತ್ತುಗೊತ್ತಿಲ್ಲದೆ ಸೊಪ್ಪು ತಿನ್ನುತ್ತದೆ, ಸಾಕುವವನು ಸಿಕ್ಕಾಗ ಕಣ್ಣು ಮುಚ್ಚುತ್ತಾನೆ. ಹೀಗೇ ಇಪ್ಪತ್ತು ವರ್ಷ ನಿದ್ದೆಗೆಟ್ಟ ನಮ್ಮಣ್ಣ ಹೋದ ವರ್ಷ ಹಿಪ್ಪುನೇರಳೆ ತೋಟದಲ್ಲೇ ಲಕ್ವ ಹೊಡೆದು ಬಿದ್ದ. ಬಲಗೈ ಏಳುವುದಿಲ್ಲ, ಮಾತು ತೊದಲು. ಮುಂದಿನ ಸರದಿ ನನ್ನದೇ ಎಂಬ ಹೆದರಿಕೆ ನನಗೆ.

೧. ಡಾಕ್ಟರು ಹೇಳಿದ್ದು

ಚನ್ನಪಟ್ಟಣದ ಡಾಕ್ಟರು ಬಿ.ಪಿ. ನೋಡಲು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುತ್ತಾ ಕೇಳಿದರು: "ಎಷ್ಟೊತ್ತು ಮಲಗ್ತೀರಿ?"

"ಮೂರು ಗಂಟೆ ಸಾರ್. ಅದೂ ಒಂದೇ ಸಲಕ್ಕಲ್ಲ."

"ನಿಮ್ಮಣ್ಣನ ನೋಡಿದ ಮೇಲೂ ಬುದ್ಧಿ ಬರಲಿಲ್ವಾ? ಮಾತ್ರೆ ಅದರ ಪಾಡಿಗೆ ನುಂಗಿ. ನಿದ್ದೆ ಏಳು ಗಂಟೆ ಬೇಕೇ ಬೇಕು. ಯಾರೇ ಬಂದರೂ ನಿದ್ದೆ ಕೆಡಿಸಬಾರದು."

ಆಮೇಲೆ ನೋಡಿದರೆ ಒತ್ತುವ ರಬ್ಬರನ್ನು ಕೈಯಲ್ಲೇ ಹಿಡಿದು ಡಾಕ್ಟರು ತೂಕಡಿಸುತ್ತಿದ್ದಾರೆ. ಹಿಂದಿನ ದಿನದಿಂದ ಡ್ಯೂಟಿಯಲ್ಲೇ ಇದ್ದರಂತೆ. ನನ್ನ ಕೈ ಮರಗಟ್ಟಿ ನೀಲಿಗೆ ತಿರುಗಿತು. ಆದರೂ ಎಬ್ಬಿಸಲಿಲ್ಲ. ನಿದ್ದೆ ಕೆಡಿಸಬಾರದು ಅಂತ ಈಗ ತಾನೇ ಹೇಳಿದ್ದರಲ್ಲ.

೨. ಯೋಗಕ್ಷೇಮ

ಡಾಕ್ಟರು ಮಲಗಲು ಹೇಳಿದ ಸುದ್ದಿ ನನಗಿಂತ ಮೊದಲೇ ಊರು ತಲುಪಿತ್ತು. ಮಾರನೇ ದಿನ ಊಟವಾದ ಮೇಲೆ ಜಗುಲಿಯಲ್ಲಿ ಅಡ್ಡಾದೆ. ಕಣ್ಣು ಹತ್ತಿತ್ತು, ಯಾರೋ ಕಾಲು ಅಲ್ಲಾಡಿಸಿದರು. ಪಕ್ಕದ ಮನೆ ಮಾವ.

"ಏನ್ಲಾ, ಮಲಗಿದ್ಯಾ?"

"ಹೂಂ ಮಾವ."

"ಮಲಕ್ಕೊ, ಮಲಕ್ಕೊ. ನಿದ್ದೆ ಬತ್ತಾ ಐತೋ ಇಲ್ವೋ ಒಸಿ ಕೇಳ್ಕಂಡು ಹೋಗಾನ ಅಂತ ಬಂದೆ."

ಸಂಜೆಯೊಳಗೆ ಆರು ಜನ ಹೀಗೇ ಕೇಳಿಕೊಂಡು ಹೋದರು. ಬಂದವರಿಗೆ ನನ್ನ ಹೆಂಡತಿ ಕಾಫಿ ಕಾಯಿಸಿದಳು. ಪ್ರತಿ ಸಲವೂ ನನ್ನನ್ನು ಎಬ್ಬಿಸಿ ನನಗೂ ಒಂದು ಲೋಟ ಕೊಟ್ಟಳು.

೩. ನಾಲ್ಕನೇ ಜ್ವರ

ಹುಳ ಚರ್ಮ ಕಳಚುವ ಮುಂಚೆ ಸೊಪ್ಪು ಬಿಟ್ಟು ಒಂದು ದಿನ ಅಲ್ಲಾಡದೆ ಮಲಗುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಹುಳ ಗೂಡು ಕಟ್ಟುವ ತನಕ ತಾನೂ ಮಲಗದು, ನಮ್ಮನ್ನೂ ಮಲಗಗೊಡದು. ಆದರೆ ಜ್ವರದ ದಿನ ಹುಳದ ನಿದ್ದೆ ಕೆಡಬಾರದೆಂದು ಹುಳದ ಮನೆಗೆ ಯಾರೂ ಕಾಲಿಡುವುದಿಲ್ಲ. ಊರೇ ಪಿಸುಮಾತಿನಲ್ಲಿ ಓಡಾಡುತ್ತದೆ.

ಹೊಟ್ಟೆಕಿಚ್ಚಾಯಿತು. ಈ ಸಲ ನಾಲ್ಕನೇ ಜ್ವರದ ದಿನ ಬೆಳಗ್ಗೆ ಫೋನು ಮನೆಯಲ್ಲೇ ಬಿಟ್ಟು, ಯಾರಿಗೂ ಹೇಳದೆ ಹುಳದ ಮನೆ ಹೊಕ್ಕು, ಹುಳದ ಸ್ಟ್ಯಾಂಡಿನ ಕೆಳಗೆ ಚಾಪೆ ಹಾಸಿದೆ.

ಮಧ್ಯಾಹ್ನದ ಊಟಕ್ಕೆ ನಾನಿಲ್ಲ. ಪಂಪ್‌ಹೌಸಿನಲ್ಲಿ ನೋಡಿದರು, ತೋಟದ ಸಾಲು ಸಾಲು ಹುಡುಕಿದರು. ಅಣ್ಣ ಬಿದ್ದಿದ್ದ ಜಾಗಕ್ಕೆ ಬಂದಾಗ ನನ್ನ ಹೆಂಡತಿ ಕುಸಿದು ಕೂತು ಅತ್ತಳಂತೆ. ಕೊನೆಗೆ ಕೋಲೂರಿಕೊಂಡು ಬಂದ ಅಣ್ಣ ಹುಳದ ಮನೆ ಬಾಗಿಲು ಒಸಿ ಸರಿಸಿ ಇಣುಕಿ ನೋಡಿದ. ಗೊರಕೆ ಕೇಳಿಸಿತು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಎಚ್ಚರವಾದಾಗ ಬಿಸಿಲು ಇಳಿದಿತ್ತು. ಏಳು ಗಂಟೆಯ ಮೇಲೇ ಮಲಗಿದ್ದೆ. ಹೊಸ್ತಿಲಲ್ಲಿ ಅಣ್ಣ ಕೋಲನ್ನು ಅಡ್ಡ ಇಟ್ಟುಕೊಂಡು ಕೂತಿದ್ದ. ಅಂಗಳದಲ್ಲಿ ನನ್ನನ್ನು ಹುಡುಕಿ ಬಂದ ಅರ್ಧ ಊರು ತುಟಿ ಬಿಚ್ಚದೆ ನಿಂತಿತ್ತು. ಮಾವನಂತೂ ಕೆಮ್ಮು ಬಂದು ಟವಲು ಬಾಯಿಗೆ ತುರುಕಿಕೊಂಡಿದ್ದ. ನನ್ನ ಮೇಲೆ ಇಷ್ಟು ಪ್ರೀತಿಯೇ ಎಂದು ಕಣ್ಣು ತುಂಬಿ ಬಂತು.

"ಎಲ್ಲರ ಬಾಯೂ ಹೆಂಗಣ್ಣ ನೀನು ಕಟ್ಟಿದೆ?" ಅಂದೆ.

ಅಣ್ಣ ಸೊಟ್ಟ ಬಾಯಲ್ಲಿ ಒಂದೊಂದೇ ಮಾತು ಜೋಡಿಸಿದ: "ಹುಳ ಮಲಗವೆ, ಸದ್ದು ಮಾಡಬ್ಯಾಡಿ ಅಂದೆ. ನೀನು ಮಲಗಿದ್ದೀಯ ಅಂದಿದ್ರೆ ಯಾವನ್ಲಾ ಸುಮ್ಕಿರ್ತಿದ್ದ? ಇನ್ನೊಸಿ ಮಲಕ್ಕೊ. ನಾಳೆ ಹುಳ ಎದ್ಬುಡ್ತವೆ, ಆಮೇಲೆ ನನ್ ಕೈಲೂ ಏನೂ ಆಗಕಿಲ್ಲ."