ಬೋದಿಲ್ ಅವರ ಒಳಪದರ ಮತ್ತು ಗುರುವಾರದ ಮೊದಲ ಫೆರಿ

ದಕ್ಕೆ ಹಾಗೂ ಫೆರಿ ವಿಭಾಗ, ಲಿಲ್ಲೆಹೋಮ್ ದ್ವೀಪ

ಸಂಖ್ಯೆ: ದ.ಫೆ.ವಿ/ಒ.ಪ/8 ಮಿ.ಮೀ/2
ದಿನಾಂಕ: ಮಾರ್ಚ್ 9, ಸೋಮವಾರ

ವಿಷಯ: ಅಂಚೆ ಹಂಚುವ ಶ್ರೀಮತಿ ಬೋದಿಲ್ ಥೋರುಪ್ ಅವರ ಗರ್ಭಕೋಶದ ಒಳಪದರ ಹದಕ್ಕೆ ಬಂದಿರುವ ಬಗ್ಗೆ, ತತ್ಸಂಬಂಧ ಗುರುವಾರ ಬೆಳಿಗ್ಗೆ 6.40ರ ಫೆರಿ ತಡವಾಗದಿರುವ ಬಗ್ಗೆ.

ಉಲ್ಲೇಖ: ಜನವರಿ ತಿಂಗಳ ಕುರಿ ಪ್ರಕರಣ.

ಬೋದಿಲ್ ಅವರು ಮೂರು ವರ್ಷಗಳಿಂದ ಮಗುವಿಗಾಗಿ ಕಾಯುತ್ತಿದ್ದು, ಆಚೆ ದಡದ ಆಸ್ಪತ್ರೆಯ ಶೈತ್ಯಪೆಟ್ಟಿಗೆಯಲ್ಲಿ ಅವರ ಎರಡು ಭ್ರೂಣಗಳಿರುವುದು ದ್ವೀಪದ ನೂರಾ ಹದಿನಾಲ್ಕು ಜನರಿಗೂ ತಿಳಿದಿರುತ್ತದೆ. ಜನವರಿಯಲ್ಲಿ ಅಕ್ಸೆಲ್ ಅವರ ಕುರಿಗಳು ಫೆರಿಗೆ ಹತ್ತುವ ಹಲಗೆಯ ಮೇಲೆ ಮಲಗಿದ್ದು, ಕ್ಯಾಪ್ಟನ್ ಪ್ರೆಬೆನ್ ಅವರು "ಅವು ತಾವಾಗೇ ಏಳ್ಲಿ ಬಿಡಿ, ಅಷ್ಟ್ರಲ್ಲಿ ಇನ್ನೊಂದು ಕಾಫಿ ಆಗತ್ತೆ" ಎಂದಿರುತ್ತಾರೆ. ಕುರಿಗಳು ಏಳುವಷ್ಟರಲ್ಲಿ ಗಾಳಿಯೂ ಎದ್ದು, ಎರಡು ದಿನ ಫೆರಿ ನಿಂತು, ಸಿದ್ಧವಾಗಿದ್ದ ಒಳಪದರ ವ್ಯರ್ಥವಾಗಿರುತ್ತದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಹದಿನಾಲ್ಕು ದಿನಗಳ ಈಸ್ಟ್ರೋಜನ್ ಮಾತ್ರೆಯಿಂದ ಒಳಪದರವು ಎಂಟು ಮಿಲಿಮೀಟರ್ ದಪ್ಪವಾಗಿದ್ದು, ಇಷ್ಟು ಸಾಕೆಂದು ವೈದ್ಯರು ತಿಳಿಸಿರುತ್ತಾರೆ. "ಎಂಟು ಮಿಲಿಮೀಟರಾ? ನಾನು ಚಾವಣಿಗೆ ಮೂವತ್ತು ಸೆಂಟಿಮೀಟರ್ ಹುಲ್ಲು ಹೊದಿಸ್ತೀನಿ ಕಣೇ, ಆದ್ರೂ ಸೋರತ್ತೆ" ಎಂಬ ಅಕ್ಸೆಲ್ ಅವರ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

2. ಶನಿವಾರ ಬೆಳಿಗ್ಗೆಯಿಂದ ಪ್ರೊಜೆಸ್ಟರಾನ್ ಆರಂಭವಾಗಿದೆ. ದಪ್ಪವಾದ ಪದರವನ್ನು ಮೆತ್ತಗೆ ಮಾಡಿ, ಬರುವ ಜೀವಕ್ಕೆ ಉಣಿಸು ಕೂಡಿಡುವುದು ಇದರ ಕರ್ತವ್ಯ. ಗುರುವಾರ ಐದು ದಿನ ತುಂಬಿದಾಗ, ಆಸ್ಪತ್ರೆಯಲ್ಲಿ ಒಂದು ಭ್ರೂಣವನ್ನು ಒಳಗಿಡಲು ಬಾಗಿಲು ತೆರೆದು, ಒಂದೆರಡು ದಿನದಲ್ಲೇ ಮುಚ್ಚುತ್ತದೆ. ಆದಕಾರಣ ಫೆರಿಯು ಪ್ರೊಜೆಸ್ಟರಾನಿಗೆ ಅಧೀನವೆಂದು ಘೋಷಿಸಲಾಗಿದೆ. ಗುರುವಾರದ ಬದಲು ಭಾನುವಾರ ಇಟ್ಟುಕೊಂಡರೆ ಎಲ್ಲರೂ ಜೊತೆಗೆ ಹೋಗಿಬರಬಹುದೆಂದು ಗ್ರಾಮಸಭೆಯು ಹದಿನೇಳು–ಹದಿನಾರು ಮತಗಳಿಂದ ಕೈಗೊಂಡ ನಿರ್ಣಯವನ್ನು ಹಾರ್ಮೋನು ಒಪ್ಪದ ಕಾರಣ ರದ್ದುಪಡಿಸಲಾಗಿದೆ.

3. ಗುರುವಾರ ಬೆಳಿಗ್ಗೆ ದಕ್ಕೆಯ ಇನ್ನೂರು ಮೀಟರ್ ಒಳಗೆ ಕುರಿ ಮಲಗತಕ್ಕದ್ದಲ್ಲ. ನಿಂತ ಕುರಿಯೂ ಮಲಗುವ ಉದ್ದೇಶ ಹೊಂದಿರತಕ್ಕದ್ದಲ್ಲ. ಕ್ಯಾಪ್ಟನ್ ಅವರು ತಮ್ಮ ಎರಡನೆಯ ಕಾಫಿಯನ್ನು ಬುಧವಾರವೇ ಮುಂಗಡವಾಗಿ ಕುಡಿಯತಕ್ಕದ್ದು.

4. ಅಂಚೆ ಹಂಚುವಾಗ ಇಪ್ಪತ್ತಮೂರು ಮನೆಗಳಲ್ಲಿ "ಹಾಸಿಗೆ ಹಾಸಾಯ್ತಾ ಮಗಳೇ?" ಎಂದು ವಿಚಾರಿಸಲಾಗಿದ್ದು, ಇಪ್ಪತ್ತನಾಲ್ಕನೆಯ ಮನೆಯಲ್ಲಿ ಬೋದಿಲ್ ಅವರು "ಹಾಸಾಯ್ತು ಅಜ್ಜಿ, ಮಲಗೋರು ಬರ್ಬೇಕಷ್ಟೆ" ಎಂದು ನಕ್ಕು, ತಿರುವಿನಾಚೆ ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ಕಡಲು ನೋಡುತ್ತ ನಿಂತಿದ್ದುದು ವಿಭಾಗದ ಗಮನಕ್ಕೆ ಬಂದಿದೆ. "ಕೇಳ್ಬೇಡಿ ಅನ್ನಲ್ಲ. ಎಲ್ರೂ ಒಂದೇ ದಿನ ಕೇಳ್ಬೇಡಿ" ಎಂಬುದು ಅವರ ಮೌಖಿಕ ಮನವಿ. ಇನ್ನು ಮುಂದೆ ದಿನಕ್ಕೆ ಒಂದು ಮನೆಯವರು, ಮನೆಯ ಸಂಖ್ಯೆಯ ಕ್ರಮದಲ್ಲಿ, ಒಂದೇ ಬಾರಿ ಕೇಳತಕ್ಕದ್ದು. ಹುಬ್ಬು ಏರಿಸುವುದನ್ನೂ ಪ್ರಶ್ನೆಯೆಂದೇ ಪರಿಗಣಿಸಲಾಗುವುದು.

5. ಹೋಗುವಾಗ ಇಲ್ಲದೆ ಬರುವಾಗ ಮಾತ್ರ ಇರುವ ಪ್ರಯಾಣಿಕರಿಗೆ ಟಿಕೆಟ್ ಕೇಳತಕ್ಕದ್ದಲ್ಲ. ಅಲೆಯನ್ನು ನೋಡಿ ಹಡಗು ನಡೆಸತಕ್ಕದ್ದು. ಅಲುಗಾಟದಿಂದ ಭ್ರೂಣ ಬೀಳುವುದಿಲ್ಲವೆಂದು ವೈದ್ಯರು ಹೇಳಿದ್ದರೂ ಸಹ.

6. ಫಲಿತಾಂಶ ಹತ್ತು ದಿನಗಳ ನಂತರ. ಹೌದೆಂದಾದಲ್ಲಿ ಪ್ರೊಜೆಸ್ಟರಾನ್ ಮುಂದುವರಿಯುವುದು. ಕುರಿಗಳ ನಿರ್ಬಂಧವೂ ಮುಂದುವರಿಯುವುದು.

7. ಇಲ್ಲವೆಂದಾದಲ್ಲಿ ಔಷಧ ನಿಲ್ಲುವುದು, ಒಳಪದರ ಕಳಚಿಹೋಗುವುದು. ಆ ದಿನ ನಿವಾಸಿಗಳು ತಮ್ಮ ಅಂಚೆಯನ್ನು ತಾವೇ ಬಂದು ಒಯ್ಯತಕ್ಕದ್ದು, ಏನನ್ನೂ ಹೇಳತಕ್ಕದ್ದಲ್ಲ. ಉಳಿದ ಭ್ರೂಣಕ್ಕೂ ಈ ಸುತ್ತೋಲೆ ಹಾಗೆಯೇ ಅನ್ವಯವಾಗುವುದು. ಬೋದಿಲ್ ಅವರು ಮತ್ತೆ ಕೇಳಿಕೊಳ್ಳುವ ಅಗತ್ಯವಿರುವುದಿಲ್ಲ. ದಿನಾಂಕವನ್ನಷ್ಟೇ ತಿದ್ದಲಾಗುವುದು.

ಸಹಿ/-
(ಥೀರಾ ವಿಂಥರ್)
ದಕ್ಕೆ ಮೇಲ್ವಿಚಾರಕಿ

ಪ್ರತಿಗಳು:
1. ಕ್ಯಾಪ್ಟನ್ ಪ್ರೆಬೆನ್, ಕಾಫಿ ಕ್ರಮಕ್ಕಾಗಿ.
2. ಅಕ್ಸೆಲ್, ಕುರಿಗಳಿಗೆ ಓದಿ ಹೇಳುವ ಸಲುವಾಗಿ.
3. ಚರ್ಚಿನ ಪಾದ್ರಿಗಳು. ಗಂಟೆ ಬಾರಿಸತಕ್ಕದ್ದಲ್ಲ. ಮನಸ್ಸಿನೊಳಗಿನ ಪ್ರಾರ್ಥನೆಗೆ ಅನುಮತಿ ಬೇಕಿಲ್ಲ.
4. ಶ್ರೀಮತಿ ಬೋದಿಲ್ ಥೋರುಪ್, ಎಲ್ಲ ಮನೆಗಳಿಗೂ ಹಂಚುವ ಸಲುವಾಗಿ. ಹಂಚುವಾಗ ಓದತಕ್ಕದ್ದಲ್ಲ, ಏಳನೆಯ ಕಲಮನ್ನು ಮಾತ್ರ ಓದಬಹುದು.