ಸೂರ್ಯನಿಗೆ ಕೊಡೆ ಹಿಡಿಸಿದ ಅತ್ತೆ

ನಮ್ಮ ಅತ್ತೆಗೆ ಸೂರ್ಯನ ಜೊತೆ ಜಗಳವಿತ್ತು ಎಂದರೆ ನೀವು ನಂಬುವುದಿಲ್ಲ. ಹುಟ್ಟುವ ಸೂರ್ಯನ ತಂಟೆಗೆ ಅವರು ಹೋದವರಲ್ಲ. ಆ ಹೊತ್ತಿಗೆ ಅವರಿಗೆ ಇನ್ನೂ ನಿದ್ದೆ. ತಕರಾರೆಲ್ಲ ಮುಳುಗುವ ಸೂರ್ಯನ ಮೇಲೆ.

ಅವರು ಅಪ್ಪನ ಅಕ್ಕ. ನಂಜನಗೂಡಿನಲ್ಲಿ ಹೈಸ್ಕೂಲು ಮೇಡಂ. ತೊಂಬತ್ತರ ದಶಕದಲ್ಲಿ ಒಂದು ಕ್ಯಾಮೆರಾ ಕೊಂಡರು. ಅಲ್ಲಿಂದ ಭಾನುವಾರ ಬಂತೆಂದರೆ ಬಸ್ಸು ಹತ್ತಿ ತಿ. ನರಸೀಪುರದ ನಮ್ಮ ಮನೆಗೆ ಹಾಜರು. ನಮ್ಮನ್ನು ನೋಡಲು ಅಂದುಕೊಂಡಿರಾ? ಅಲ್ಲ, ಸಂಗಮದ ದಡದಲ್ಲಿ ಸೂರ್ಯಾಸ್ತದ ಫೋಟೊ ತೆಗೆಯಲು. ರೋಲು ತೊಳೆಸಿದರೆ ಪ್ರತಿ ಫೋಟೊದಲ್ಲೂ ಸೂರ್ಯನ ಪಕ್ಕ ಒಂದು ಹಸಿರು ಚುಕ್ಕೆ, ಅದರಾಚೆ ಒಂದು ನೇರಳೆ ಚುಕ್ಕೆ, ಮೇಲೆಲ್ಲ ಮಜ್ಜಿಗೆ ಚೆಲ್ಲಿದಂಥ ಬಿಳಿ ಮಸುಕು.

"ಒಬ್ಬನ್ನ ಕರೆದ್ರೆ ಸಂಸಾರ ಸಮೇತ ಬಂದವ್ನಲ್ಲೋ," ಎಂದು ಅತ್ತೆ ಗೊಣಗಿದರು.

ಲೆನ್ಸಿಗೆ ನೆರಳು ಬೇಕೆಂದು ಅಪ್ಪನ ಕೈಗೆ ಕೊಡೆ ಬಂತು. ತಾಲ್ಲೂಕು ಕಚೇರಿಯ ಗುಮಾಸ್ತರಾದ ಅಪ್ಪ, ಚೂರು ಮೋಡವೂ ಇಲ್ಲದ ಸಂಜೆ, ಕರಿ ಕೊಡೆ ಬಿಚ್ಚಿಕೊಂಡು ಹೊಳೆ ದಡದಲ್ಲಿ ನಿಂತರು. ದನ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ಆಕಾಶ ನೋಡಿ, ಅಪ್ಪನನ್ನು ನೋಡಿದರು.

"ಯಾಕ್ ಸಾ, ಮಳೆ ಬತ್ತದಾ?"

"ಇಲ್ಲಪ್ಪಾ, ನಮ್ಮಕ್ಕ ಬಂದವ್ಳೆ."

ಅವರು ಎಲ್ಲ ಅರ್ಥವಾದಂತೆ ತಲೆಯಾಡಿಸಿ ಮುಂದೆ ಹೋದರು.

ಆ ರೋಲಿನ ಅರ್ಧ ಫೋಟೊಗಳಲ್ಲಿ ಬರೀ ಕಪ್ಪು.

"ಸೂರ್ಯ ಎಲ್ಲಕ್ಕಾ?" ಎಂದರು ಅಪ್ಪ.

"ನಿನ್ನ ಕೊಡೆ ಹಿಂದೆ ಅವ್ನೆ ಕಣೋ."

ಇನ್ನೊಂದು ಭಾನುವಾರ ಅಪ್ಪ ಕತ್ತಲ್ಲಿ ಕಾಣದೆ, ಅಲ್ಲ, ಹಾಡುಹಗಲೇ, ಕ್ಯಾಮೆರಾ ಬ್ಯಾಗಿನ ಮೇಲೆ ಕುಳಿತುಬಿಟ್ಟರು. ಲೆನ್ಸಿಗೆ ಗೀರು ಬೀಳದಿರಲೆಂದು ಮುಂದೆ ಸಿಕ್ಕಿಸಿದ್ದ ಗಾಜಿನ ಬಿಲ್ಲೆ ಬಿರುಕು ಬಿಟ್ಟಿತು. ಅತ್ತೆ ತಮ್ಮನ ಜೊತೆ ಮಾತು ಬಿಟ್ಟು, ಬಿಲ್ಲೆ ಬಿಚ್ಚಿ ಎಸೆದು, ಬರೀ ಲೆನ್ಸಿನಲ್ಲೇ ಫೋಟೊ ತೆಗೆದರು. ತೊಳೆಸಿ ನೋಡಿದರೆ ಚುಕ್ಕೆಗಳೇ ಇಲ್ಲ. ಇಷ್ಟು ದಿನ ಬೆಳಕು ಆ ಗಾಜಿಗೂ ಲೆನ್ಸಿಗೂ ನಡುವೆ ಚೆಂಡಾಟ ಆಡುತ್ತಿತ್ತಂತೆ.

"ನಾನು ಕೂತಿದ್ದಕ್ಕೇ ಚೆನ್ನಾಗಿ ಬಂದಿದ್ದು," ಎಂದು ಅಪ್ಪ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಆಮೇಲೆ ಕೆಲವು ವರ್ಷಕ್ಕೆ ಅಪ್ಪನ ಕಣ್ಣಿಗೆ ಕಾಯಿಲೆ ಬಂತು. ಎದುರಿನಿಂದ ಬೆಳಕು ಬಿದ್ದರೆ ಸೂಜಿ ಚುಚ್ಚಿದಂತಾಗಿ ನೀರು ಸುರಿಯುತ್ತಿತ್ತು. ಇನ್ನು ಹೀಗೆಯೇ ಎಂದರು ಡಾಕ್ಟರು. ಅಪ್ಪ ಸಂಜೆ ಹೊಳೆ ಕಡೆ ಹೋಗುವುದನ್ನೇ ಬಿಟ್ಟು, ಕಿಟಕಿಗೆ ಪರದೆ ಎಳೆದು ಕೂರತೊಡಗಿದರು. ತಮಾಷೆಯೂ ನಿಂತಿತು.

ಅತ್ತೆ ಒಂದು ಭಾನುವಾರ ಒಬ್ಬರೇ ಸಂಗಮಕ್ಕೆ ಹೋಗಿಬಂದರು. ಮುಂದಿನ ವಾರ ದೊಡ್ಡದಾಗಿ ಮಾಡಿಸಿದ ಫೋಟೊವೊಂದನ್ನು ತಂದು ಅಪ್ಪನ ತೊಡೆಯ ಮೇಲಿಟ್ಟರು. ಕೆಂಪು ಸೂರ್ಯ, ಕೆಂಪು ನೀರು. ಎಲ್ಲೂ ಕಣ್ಣು ಕುಕ್ಕುವ ಬೆಳಕಿಲ್ಲ.

"ನೋಡೋ. ಇದು ಚುಚ್ಚಲ್ಲ."

ಅಪ್ಪ ಅದನ್ನು ಮುಖದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ನೀರಿನಂಚಿನಲ್ಲಿ ಬೆರಳಿಟ್ಟರು.

"ಅಮ್ಮ ಬಟ್ಟೆ ಒಗೀತಿದ್ದ ಕಲ್ಲು ಇದೇ ಅಲ್ವೇನಕ್ಕ?"

"ಅದೇ ಕಣೋ," ಎಂದರು ಅತ್ತೆ. ತಮ್ಮನ ಪಕ್ಕ ಜಾಗ ಮಾಡಿಕೊಂಡು ಕುಳಿತರು. ಹೊರಗೆ ಸೂರ್ಯ ಮುಳುಗುವ ಹೊತ್ತಾದರೂ ಅವತ್ತು ಅವರು ಏಳಲಿಲ್ಲ.